ಪ್ರವಾಸೋದ್ಯಮದ ಇಂಗ್ಲಿಷನ್ನು ಕಲಿಯುವ ಬಗೆ

ಶಾಲೆ ಕಾಲೇಜುಗಳಲ್ಲಿ ಹತ್ತು ಹದಿನೈದು ವರ್ಷ ಇಂಗ್ಲಿಷ್ ಓದಿ ಒಳ್ಳೆಯ ಅಂಕ ತೆಗೆದವರು ಕೂಡ ಹೋಟೆಲಿನ ರಿಸೆಪ್ಷನ್ ಕೌಂಟರಿನಲ್ಲಿ ನಿಂತ ಮೊದಲ ದಿನ ತಡವರಿಸುತ್ತಾರೆ. ವ್ಯಾಕರಣ ಗೊತ್ತಿರುತ್ತದೆ, ಪದಗಳೂ ಗೊತ್ತಿರುತ್ತವೆ. ಆದರೆ ಎದುರಿಗೆ ನಿಂತವರು ಒಂದೇ ಉಸಿರಿನಲ್ಲಿ ಹೇಳಿದ ಹೆಸರು, ತಾರೀಖು, ಕೋಣೆಯ ಬಗೆ, ವಿಮಾನದ ವೇಳೆ ಇವುಗಳಲ್ಲಿ ಅರ್ಧ ಕಿವಿಗೇ ಬಿದ್ದಿರುವುದಿಲ್ಲ, ಬೀಳಲಿಲ್ಲವೆಂದು ಹೇಳಿಕೊಳ್ಳುವ ಮಾತೂ ಬಾಯಿಗೆ ಬರುವುದಿಲ್ಲ. ಈ ಉದ್ಯೋಗಕ್ಕಾಗಿ ಇಂಗ್ಲಿಷ್ ಕಲಿಯಹೊರಟವರು ಮೊದಲು ಮನಗಾಣಬೇಕಾದದ್ದು ಇದನ್ನೇ. ಇಲ್ಲಿ ಸೊಗಸಾಗಿ ಮಾತಾಡುವವರಿಗಿಂತ, ಸರಿಯಾಗಿ ಕೇಳಿಸಿಕೊಂಡು, ಕೇಳಿಸಿಕೊಂಡದ್ದನ್ನು ಮತ್ತೊಮ್ಮೆ ಹೇಳಿ ಖಾತ್ರಿ ಮಾಡಿಕೊಳ್ಳುವವರಿಗೆ ಬೆಲೆ ಹೆಚ್ಚು. ಎದುರಿಗಿರುವ ಪ್ರವಾಸಿಗೂ ಇಂಗ್ಲಿಷ್ ಎಷ್ಟೋ ಸಲ ಎರಡನೆಯ ಭಾಷೆಯೇ ಆಗಿರುತ್ತದೆ. ಜಪಾನಿನಿಂದಲೋ ಇಟಲಿಯಿಂದಲೋ ಬ್ರೆಜಿಲ್‌ನಿಂದಲೋ ಬಂದವರಿಗೆ ನಿಮ್ಮ ಅಲಂಕಾರದ ನುಡಿಗಟ್ಟುಗಳಿಂದ ಉಪಯೋಗವಿಲ್ಲ; ಅವರಿಗೆ ಬೇಕಾದದ್ದು ಚಿಕ್ಕ, ಬಿಡಿಬಿಡಿಯಾದ, ಎರಡು ಅರ್ಥಕ್ಕೆ ಎಡೆಗೊಡದ ವಾಕ್ಯಗಳು.

ಆರಂಭ ಎಲ್ಲಿಂದ

ಯಾವ ಕೆಲಸಕ್ಕಾಗಿ ಕಲಿಯುತ್ತಿದ್ದೇವೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು, ಏಕೆಂದರೆ ಪ್ರವಾಸೋದ್ಯಮ ಎನ್ನುವುದು ಒಂದೇ ಉದ್ಯೋಗವಲ್ಲ. ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಕಾಯ್ದಿರಿಸುವವರಿಗೆ ದೂರವಾಣಿ ಮತ್ತು ಇಮೇಲ್ ಮುಖ್ಯ. ಕೋಣೆ ಸ್ವಚ್ಛಗೊಳಿಸುವ ವಿಭಾಗದವರಿಗೆ ಬಾಗಿಲು ತಟ್ಟಿದ ಮೇಲೆ ಆಡುವ ನಾಲ್ಕು ಮಾತು ಮತ್ತು ವಸ್ತುಗಳ ಹೆಸರು ಸಾಕು. ಗೈಡ್ ಆದವರು ಅರ್ಧ ಗಂಟೆ ನಿಲ್ಲದೆ ಕಥನ ಮಾಡಿ, ಆಮೇಲೆ ಎಲ್ಲಿಂದ ಬರುವುದೆಂದು ಗೊತ್ತಿಲ್ಲದ ಪ್ರಶ್ನೆಗಳನ್ನು ಎದುರಿಸಬೇಕು. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಿವೆ, ಇಂದು ಹೆಚ್ಚಿನ ಪಠ್ಯಪುಸ್ತಕಗಳು ತಮ್ಮ ಮಟ್ಟವನ್ನು ಅದರಲ್ಲೇ ಸೂಚಿಸುತ್ತವೆ. ನನ್ನ ಅನುಭವದ ಲೆಕ್ಕದಲ್ಲಿ ಕೋಣೆಗಳ ಉಸ್ತುವಾರಿಗೆ ಎ2, ರಿಸೆಪ್ಷನ್ ಮತ್ತು ಬುಕಿಂಗ್ ಕೆಲಸಕ್ಕೆ ಬಿ1 ದಾಟಿದ ಮಟ್ಟ, ಗೈಡ್ ಕೆಲಸಕ್ಕೆ ಬಿ2 ಇದ್ದರೆ ಧೈರ್ಯವಾಗಿ ಶುರು ಮಾಡಬಹುದು. ಸಿ1 ಮುಟ್ಟುವ ತನಕ ಕಾಯುತ್ತ ಕೂತವರು ಕಾಯುತ್ತಲೇ ಇರುತ್ತಾರೆ.

ಕೆಲಸ ನಿಶ್ಚಯವಾದ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು, ಆ ಕೆಲಸದಲ್ಲಿ ದಿನವೂ ನಡೆಯುವ ಸಂಭಾಷಣೆಗಳು ಎಷ್ಟು ಬಗೆಯವು ಎಂದು ಕನ್ನಡದಲ್ಲೇ ಪಟ್ಟಿ ಮಾಡಿ. ರಿಸೆಪ್ಷನ್ ಕೆಲಸವನ್ನು ಹೀಗೆ ಬಿಡಿಸಿದರೆ ಇಪ್ಪತ್ತು ಇಪ್ಪತ್ತೈದಕ್ಕಿಂತ ಹೆಚ್ಚು ಸನ್ನಿವೇಶಗಳು ಸಿಗುವುದಿಲ್ಲ: ಬುಕಿಂಗ್ ಇರುವವರು ಬಂದದ್ದು, ಬುಕಿಂಗ್ ಇಲ್ಲದವರು ಬಂದದ್ದು, ಕೋಣೆ ಇನ್ನೂ ಸಿದ್ಧವಾಗದಿರುವುದು, ಕಾರ್ಡ್ ಕೆಲಸ ಮಾಡದಿರುವುದು, ಹೀಗೆ. ಪ್ರತಿ ಸನ್ನಿವೇಶಕ್ಕೂ ಎರಡು ಪುಟ ಮೀಸಲಿಟ್ಟು, ಎಡಪುಟದಲ್ಲಿ ಅತಿಥಿ ಹೇಳಬಹುದಾದ ಮಾತುಗಳನ್ನೂ ಬಲಪುಟದಲ್ಲಿ ನೀವು ಹೇಳಬೇಕಾದ ಮಾತುಗಳನ್ನೂ ಪೂರ್ಣ ವಾಕ್ಯಗಳಲ್ಲಿ ಬರೆಯುತ್ತ ಹೋಗಿ. ಅಕಾರಾದಿಯಾಗಿ ಬರೆದಿಟ್ಟ ಪದಪಟ್ಟಿ ಕೆಲಸದ ಹೊತ್ತಿನಲ್ಲಿ ನೆನಪಿಗೆ ಬರುವುದಿಲ್ಲ. ಸನ್ನಿವೇಶದ ಜೊತೆ ಹೆಣೆದುಕೊಂಡ ವಾಕ್ಯ ಬರುತ್ತದೆ. ಎಡಪುಟವನ್ನು ಹೆಚ್ಚು ತುಂಬಿಸಿ. ನೀವು ಹೇಳುವುದು ಒಂದೇ ವಾಕ್ಯವಿರಬಹುದು, ಅದನ್ನೇ ಅತಿಥಿಗಳು ಹತ್ತು ಬಗೆಯಲ್ಲಿ ಕೇಳುತ್ತಾರೆ.

ಸಂಖ್ಯೆ, ವೇಳೆ, ಹೆಸರು

ನಾನು ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವಾರ ಫೋನಿನಲ್ಲಿ ಬಂದ ಒಂದು ಬುಕಿಂಗನ್ನು 30ನೇ ತಾರೀಖಿಗೆ ಬರೆದುಕೊಂಡೆ. ಆ ದಂಪತಿಗಳು 13ರ ರಾತ್ರಿ ಹನ್ನೊಂದಕ್ಕೆ ಪೆಟ್ಟಿಗೆಗಳ ಸಮೇತ ಬಂದು ನಿಂತರು. ಒಂದು ಕೋಣೆಯೂ ಖಾಲಿಯಿರಲಿಲ್ಲ. 'ಥರ್ಟೀನ್ತ್' ಮತ್ತು 'ಥರ್ಟಿಯತ್' ಎಂಬ ಎರಡು ಪದಗಳ ವ್ಯತ್ಯಾಸ ನನಗೆ ಕಾಗದದ ಮೇಲೆ ಚೆನ್ನಾಗಿ ಗೊತ್ತಿತ್ತು. ಕಿವಿಗೆ ಗೊತ್ತಿರಲಿಲ್ಲ.

ಈ ಗೊಂದಲ ತಪ್ಪಬೇಕಾದರೆ ಒತ್ತು ಎಲ್ಲಿ ಬೀಳುತ್ತದೆಂಬುದನ್ನು ಗಮನಿಸಬೇಕು. 13, 14, 15, 16ರಂಥ ಸಂಖ್ಯೆಗಳನ್ನು ಬಿಡಿಯಾಗಿ ಹೇಳುವಾಗ ಕೊನೆಯ 'ಟೀನ್' ಎಂಬುದರ ಮೇಲೆ ಒತ್ತು ಬಿದ್ದು ಸ್ವರ ನೀಳವಾಗುತ್ತದೆ. 30, 40, 50, 60ರಲ್ಲಿ ಒತ್ತು ಮೊದಲ ಭಾಗಕ್ಕೆ ಹೋಗಿ 'ಟಿ' ಚಿಕ್ಕದಾಗುತ್ತದೆ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಹುಡುಕುವ ಅಭ್ಯಾಸವನ್ನೇ ಮಾಡಿಕೊಂಡಿರುವುದಿಲ್ಲ. ಗೆಳೆಯರೊಬ್ಬರಿಂದ ಇಂಥ ಜೋಡಿಗಳನ್ನು ಹಿಂದುಮುಂದಾಗಿ ಓದಿಸಿ, ದಿನಕ್ಕೆ ಐದು ನಿಮಿಷ ಅಂಕಿಗಳಲ್ಲಿ ಬರೆದುಕೊಳ್ಳಿ. ಎರಡು ವಾರದಲ್ಲಿ ಕಿವಿ ತಿದ್ದಿಕೊಳ್ಳುತ್ತದೆ. ಆದರೂ ಕಿವಿಯನ್ನಷ್ಟೇ ನಂಬದೆ, ಫೋನಿನಲ್ಲಿ ಸಂಖ್ಯೆಯನ್ನು ಬಿಡಿಸಿ ಖಾತ್ರಿ ಮಾಡಿಕೊಳ್ಳುವ ವಾಕ್ಯವೊಂದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ: 'ದಟ್ಸ್ ದ ಥರ್ಟೀನ್ತ್, ಒನ್ ತ್ರೀ, ಈಸ್ ದಟ್ ರೈಟ್?' ಇದರೊಂದಿಗೆ ವಾರವನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ತಾರೀಖು ತಪ್ಪಾಗಿದ್ದರೆ ವಾರ ಅದನ್ನು ಹಿಡಿದುಕೊಡುತ್ತದೆ.

ಬರವಣಿಗೆಯಲ್ಲಿ 04/05 ಎಂದು ಎಂದೂ ಬರೆಯಬಾರದು. ಅಮೆರಿಕದವರು ಅದನ್ನು ಏಪ್ರಿಲ್ 5 ಎಂದು ಓದುತ್ತಾರೆ, ಬ್ರಿಟನ್ನಿನವರು ಮೇ 4 ಎಂದು ಓದುತ್ತಾರೆ. ತಿಂಗಳನ್ನು ಅಕ್ಷರದಲ್ಲೇ ಬರೆದರೆ ಪ್ರಶ್ನೆಯೇ ಇಲ್ಲ. ವೇಳೆಯ ಮಾತಿನಲ್ಲೂ ಇಂಥ ಹೊಂಡಗಳಿವೆ. ಬ್ರಿಟಿಷ್ ಅತಿಥಿ 'ಹಾಫ್ ಸಿಕ್ಸ್' ಎಂದರೆ ಆರೂವರೆ. ಜರ್ಮನ್ ಭಾಷೆಯಲ್ಲಿ ಅದಕ್ಕೆ ಸಮನಾದ ಮಾತಿಗೆ ಐದೂವರೆ ಎಂದು ಅರ್ಥವಿರುವುದರಿಂದ ಜರ್ಮನ್ ಅತಿಥಿಯ ಬಾಯಲ್ಲಿ ಅದೇ ಮಾತು ಬಂದರೆ ಸಂದೇಹಪಡಬೇಕು. ಎಲ್ಲಕ್ಕಿಂತ ದುಬಾರಿಯಾಗುವುದು ಮಧ್ಯರಾತ್ರಿಯ ವಿಮಾನ. ಶನಿವಾರ 00:15ಕ್ಕೆ ಹೊರಡುವ ವಿಮಾನಕ್ಕೆ ಶನಿವಾರ ರಾತ್ರಿ ಬಂದು ನಿಲ್ಲುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದ್ದರಿಂದ ಅಂಥ ಟಿಕೆಟ್ ಕೊಡುವಾಗ 'ಪ್ಲೀಸ್ ಬಿ ಅಟ್ ದಿ ಏರ್‌ಪೋರ್ಟ್ ಆನ್ ಫ್ರೈಡೇ ನೈಟ್, ಬೈ ನೈನ್ ಓ'ಕ್ಲಾಕ್' ಎಂದು ಬರಬೇಕಾದ ದಿನವನ್ನೇ ಹೇಳುವುದು ರೂಢಿಯಾಗಬೇಕು. ಹೊರಡುವ ವೇಳೆಯನ್ನಷ್ಟೇ ಹೇಳಿದರೆ ಸಾಲದು.

ಹೆಸರುಗಳ ವಿಷಯದಲ್ಲಿ ವಿಮಾನಯಾನದವರು ರೂಪಿಸಿಕೊಂಡ ಉಪಾಯವನ್ನೇ ನಾವೂ ಬಳಸಬಹುದು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1956ರಲ್ಲಿ ಜಾರಿಗೆ ತಂದ ಅಕ್ಷರಮಾಲೆಯಲ್ಲಿ ಎಗೆ ಆಲ್ಫಾ, ಬಿಗೆ ಬ್ರಾವೊ, ಸಿಗೆ ಚಾರ್ಲಿ ಎಂದು ಇಪ್ಪತ್ತಾರು ಅಕ್ಷರಗಳಿಗೂ ಒಂದೊಂದು ಪದವಿದೆ. ಫೋನಿನಲ್ಲಿ ಎಂ ಮತ್ತು ಎನ್, ಬಿ, ಡಿ, ಪಿ, ಟಿ, ವಿ ಇವೆಲ್ಲ ಒಂದರಂತೆ ಇನ್ನೊಂದು ಕೇಳುತ್ತವೆ. ಮೈಕ್, ನವೆಂಬರ್, ಬ್ರಾವೊ, ಡೆಲ್ಟಾ, ಪಾಪಾ, ಟ್ಯಾಂಗೊ, ವಿಕ್ಟರ್ ಎಂದಾಗ ಹಾಗಾಗುವುದಿಲ್ಲ. ವಿಮಾನದ ಬುಕಿಂಗ್ ಸಂಖ್ಯೆ ಸಾಮಾನ್ಯವಾಗಿ ಆರು ಅಕ್ಷರ ಮತ್ತು ಅಂಕಿಗಳದ್ದಾದ್ದರಿಂದ ಅದನ್ನು ಓದಿ ಹೇಳುವ ಕೆಲಸ ದಿನಕ್ಕೆ ಹತ್ತು ಸಲ ಬರುತ್ತದೆ. ದಾರಿಯಲ್ಲಿ ಕಾಣುವ ವಾಹನಗಳ ನಂಬರ್ ಪ್ಲೇಟುಗಳನ್ನು ಮನಸ್ಸಿನಲ್ಲೇ ಈ ಪದಗಳಲ್ಲಿ ಓದುತ್ತ ಹೋದರೆ ಒಂದು ವಾರದಲ್ಲಿ ಇಡೀ ಮಾಲೆ ನಾಲಿಗೆಯ ಮೇಲಿರುತ್ತದೆ. ನಾನು ಕಲಿತದ್ದು ಹಾಗೆಯೇ.

ಕನ್ನಡದ ಮರ್ಯಾದೆ ಇಂಗ್ಲಿಷಿಗೆ ತಾನಾಗಿ ಬರುವುದಿಲ್ಲ

'ಪಾಸ್‌ಪೋರ್ಟ್ ಕೊಡಿ' ಎಂಬ ಮಾತಿನಲ್ಲಿ ಮರ್ಯಾದೆ ಇರುವುದು ಕೊನೆಯ ಒಂದು ಇಕಾರದಲ್ಲಿ. 'ಕೊಡು' ಎನ್ನದೆ 'ಕೊಡಿ' ಎಂದದ್ದರಿಂದಲೇ ಕೇಳಿದವರಿಗೆ ಗೌರವ ಸಂದಿತು, ಬೇರೆ ಯಾವ ಪದವೂ ಬೇಕಾಗಲಿಲ್ಲ. ಅದನ್ನೇ ಇಂಗ್ಲಿಷಿಗೆ ತಂದು 'ಗಿವ್ ಯುವರ್ ಪಾಸ್‌ಪೋರ್ಟ್' ಎಂದಾಗ ಆ ಇಕಾರ ದಾರಿಯಲ್ಲೇ ಉದುರಿಹೋಗಿ, ಉಳಿಯುವುದು ಪೊಲೀಸರ ಆಜ್ಞೆ. ಹೇಳಿದವರಿಗೆ ತಾವು ಒರಟಾಗಿ ಮಾತಾಡಿದ್ದೇವೆಂಬ ಅರಿವೇ ಇರುವುದಿಲ್ಲ. ಇಂಗ್ಲಿಷಿನಲ್ಲಿ ಮರ್ಯಾದೆಯ ಕೆಲಸ ಮಾಡುವುದು ಪ್ರಶ್ನೆಯ ರೂಪ ಮತ್ತು 'ಕುಡ್', 'ವುಡ್', 'ಮೇ' ಎಂಬ ಸಹಾಯಕ ಕ್ರಿಯಾಪದಗಳು: 'ಕುಡ್ ಐ ಸೀ ಯುವರ್ ಪಾಸ್‌ಪೋರ್ಟ್, ಪ್ಲೀಸ್?', 'ವುಡ್ ಯು ಮೈಂಡ್ ವೇಟಿಂಗ್ ಎ ಮೊಮೆಂಟ್?', 'ಮೇ ಐ ಹ್ಯಾವ್ ಯುವರ್ ನೇಮ್?' ನಿಮ್ಮ ನೋಟ್‌ಬುಕ್ಕಿನ ಬಲಪುಟದಲ್ಲಿ ಕ್ರಿಯಾಪದದಿಂದ ಶುರುವಾಗುವ ವಾಕ್ಯಗಳಿಗೆಲ್ಲ ಕೆಂಪು ಗೆರೆ ಎಳೆದು, ಪ್ರಶ್ನೆಯ ರೂಪಕ್ಕೆ ತಿರುಗಿಸಿ ಬರೆಯಿರಿ. ದಾರಿ ಹೇಳುವಾಗ ಮಾತ್ರ ಇದು ಬೇಡ. 'ಟರ್ನ್ ಲೆಫ್ಟ್ ಅಟ್ ದ ಬ್ಯಾಂಕ್' ಎಂಬ ನೇರ ವಾಕ್ಯವೇ ಅಲ್ಲಿ ಸರಿ. ದಾರಿ ತಪ್ಪಿದವರಿಗೆ ನಾಜೂಕು ಬೇಕಾಗಿರುವುದಿಲ್ಲ.

ಇಲ್ಲವೆನ್ನುವುದು ಇನ್ನೂ ಸೂಕ್ಷ್ಮವಾದ ಕೆಲಸ. 'ನೋ, ನಾಟ್ ಪಾಸಿಬಲ್' ಎಂಬುದು ಬಾಗಿಲು ಮುಚ್ಚಿದಂತೆ. 'ಐಯಾಮ್ ಅಫ್ರೇಡ್' ಎಂದು ಆರಂಭಿಸಿ, ಆಗದ ಕಾರಣವನ್ನು ಒಂದು ಸಾಲಿನಲ್ಲಿ ಹೇಳಿ, ಆಗುವುದನ್ನು ಮುಂದಿಡಬೇಕು: 'ಐಯಾಮ್ ಅಫ್ರೇಡ್ ದ ರೂಮ್ ಈಸಂಟ್ ರೆಡಿ ಯೆಟ್. ಯು ಕ್ಯಾನ್ ಲೀವ್ ಯುವರ್ ಬ್ಯಾಗ್ಸ್ ವಿತ್ ಅಸ್, ಅಂಡ್ ಐ ವಿಲ್ ಕಾಲ್ ಯು ಬೈ ಟೂ.' ಇಲ್ಲಿನ 'ಅಫ್ರೇಡ್'ಗೂ ಹೆದರಿಕೆಗೂ ಸಂಬಂಧವಿಲ್ಲ, ಅದು 'ಕ್ಷಮಿಸಿ' ಎಂಬುದರ ಹತ್ತಿರದ ಮಾತು.

ಹೌದು, ಇಲ್ಲಗಳ ಒಂದು ಬಲೆಯನ್ನು ಇಲ್ಲೇ ಹೇಳಿಬಿಡಬೇಕು. 'ನಿಮಗೆ ಟ್ಯಾಕ್ಸಿ ಬೇಡವೇ?' ಎಂದು ಕನ್ನಡದಲ್ಲಿ ಕೇಳಿದಾಗ 'ಹೌದು, ಬೇಡ' ಎಂದು ಉತ್ತರಿಸುವುದುಂಟು; ಪ್ರಶ್ನೆಯಲ್ಲಿರುವ ನಿಷೇಧಕ್ಕೆ ನಾವು ಒಪ್ಪಿಗೆ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಬೇಡವೆಂದಾದರೆ 'ನೋ' ಎಂದೇ ಹೇಳಬೇಕು. ಜಪಾನೀಯರು, ಕೊರಿಯನ್ನರು ತಮ್ಮ ಭಾಷೆಯಲ್ಲಿ ನಮ್ಮಂತೆಯೇ ಉತ್ತರಿಸುವವರು. ಹೀಗಾಗಿ 'ಯು ಡೋಂಟ್ ನೀಡ್ ಎ ಟ್ಯಾಕ್ಸಿ?' ಎಂದು ಕೇಳಿ 'ಯೆಸ್' ಎಂಬ ಉತ್ತರ ಪಡೆದರೆ ಟ್ಯಾಕ್ಸಿ ಕರೆಯಬೇಕೋ ಬಿಡಬೇಕೋ ತಿಳಿಯುವುದಿಲ್ಲ. ನಿಷೇಧದ ಪ್ರಶ್ನೆಯನ್ನೇ ಕೈಬಿಟ್ಟು 'ವುಡ್ ಯು ಲೈಕ್ ಎ ಟ್ಯಾಕ್ಸಿ?' ಎಂದು ಕೇಳುವುದೊಂದೇ ಪರಿಹಾರ. ಹಾಗೆಯೇ ಹೊರಡುವಾಗ 'ಬರ್ತೀನಿ' ಎನ್ನುವ ನಮ್ಮ ಮಾತು 'ಐ ವಿಲ್ ಕಮ್' ಆದರೆ ಅತಿಥಿ ನಿಮ್ಮನ್ನು ಕಾಯುತ್ತ ಕೂರುತ್ತಾರೆ. 'ಐ ಹ್ಯಾವ್ ಎ ಡೌಟ್' ಎಂದರೆ ನೀವು ಅವರನ್ನು ನಂಬುತ್ತಿಲ್ಲವೇನೋ ಎಂದು ಭಾವಿಸುತ್ತಾರೆ. ಅಲ್ಲಿ ಬೇಕಾದ ಪದ 'ಕ್ವೆಶ್ಚನ್'. 'ಪ್ರಿಪೋನ್', 'ಔಟ್ ಆಫ್ ಸ್ಟೇಷನ್', 'ಟುಡೇ ಮಾರ್ನಿಂಗ್' ಇವು ನಮ್ಮೊಳಗೆ ಸಲೀಸಾಗಿ ನಡೆಯುತ್ತವೆ, ಹೊರಗಿನವರಿಗೆ ಅರ್ಥವಾಗದೆ ಹೋಗಬಹುದು. ಇವನ್ನು ತಪ್ಪೆಂದು ನಾನು ಹೇಳುತ್ತಿಲ್ಲ, ಕೌಂಟರಿನ ಈಚೆಗೆ ಇಟ್ಟುಕೊಳ್ಳಿ ಎಂದಷ್ಟೇ ಹೇಳುತ್ತಿದ್ದೇನೆ.

ಉಚ್ಚಾರಣೆಯ ಬಗ್ಗೆ ಸ್ವಲ್ಪ

ವಿದೇಶಿಯರಂತೆ ಮಾತಾಡಲು ಪ್ರಯತ್ನಿಸುವುದು ಕಾಲಹರಣ. ಅರ್ಥ ಕೆಡಿಸುವ ಕೆಲವೇ ತಪ್ಪುಗಳನ್ನು ತಿದ್ದಿಕೊಂಡರೆ ಸಾಕು. ಕನ್ನಡಕ್ಕೆ ಬಂದ ಇಂಗ್ಲಿಷ್ ಪದಗಳಿಗೆ ನಾವು ಕೊನೆಯಲ್ಲಿ ಉಕಾರ ಸೇರಿಸಿ ಬಸ್ಸು, ಕಾರು, ರೂಮು ಎನ್ನುತ್ತೇವೆ. ಇಂಗ್ಲಿಷ್ ವಾಕ್ಯದಲ್ಲಿ ಆ ಬಾಲವನ್ನು ಕತ್ತರಿಸಬೇಕು. ಎಕಾರದಿಂದ ಶುರುವಾಗುವ ಪದಕ್ಕೆ ಯಕಾರವೂ ಒಕಾರದಿಂದ ಶುರುವಾಗುವ ಪದಕ್ಕೆ ವಕಾರವೂ ನಮಗೆ ತಿಳಿಯದೆಯೇ ಅಂಟಿಕೊಂಡು 'ಎಕ್ಸಿಟ್' ಎಂಬುದು 'ಯೆಕ್ಸಿಟ್' ಆಗುತ್ತದೆ, 'ಓಪನ್' ಎಂಬುದು 'ವೋಪನ್' ಆಗುತ್ತದೆ. 'ಫ್ಲೈಟ್' ಎಂಬುದರ ಮೊದಲ ಧ್ವನಿಯನ್ನು ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಹೇಳಬೇಕು, ಎರಡು ತುಟಿ ಸೇರಿಸಿದರೆ ಅದು 'ಪ್ಲೈಟ್' ಎಂದು ಕೇಳುತ್ತದೆ. ಇಷ್ಟಕ್ಕಿಂತ ಮುಖ್ಯವಾದದ್ದು ವೇಗ. ನಾವು ಆತಂಕವಾದಾಗ ಬೇಗಬೇಗ ಮಾತಾಡುತ್ತೇವೆ. ಅರ್ಥವಾಗುವ ಹಾಗೆ ಮಾತಾಡಬೇಕಾದರೆ ಎರಡು ಪದಗುಚ್ಛಗಳ ನಡುವೆ ಒಂದು ಉಸಿರಿನಷ್ಟು ನಿಲ್ಲಬೇಕು.

ಉದ್ಯಮದ ಪದಗಳು

ಕೆಲವು ಪದಗಳು ಗೊತ್ತಿರುವಂತೆ ಕಾಣುತ್ತವೆ, ಗೊತ್ತಿರುವುದಿಲ್ಲ. 'ಡಬಲ್ ರೂಮ್' ಎಂದರೆ ಇಬ್ಬರಿಗೆ ಒಂದೇ ದೊಡ್ಡ ಹಾಸಿಗೆ, 'ಟ್ವಿನ್ ರೂಮ್' ಎಂದರೆ ಎರಡು ಬೇರೆ ಬೇರೆ ಹಾಸಿಗೆ. ಇಬ್ಬರು ಸಹೋದ್ಯೋಗಿಗಳಿಗೆ ಡಬಲ್ ಕೊಟ್ಟರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. 'ಡೈರೆಕ್ಟ್ ಫ್ಲೈಟ್' ನಡುವೆ ಎಲ್ಲಾದರೂ ಇಳಿದು ಅದೇ ಸಂಖ್ಯೆಯಲ್ಲಿ ಮುಂದುವರಿಯಬಹುದು, 'ನಾನ್‌ಸ್ಟಾಪ್' ಮಾತ್ರ ಎಲ್ಲಿಯೂ ಇಳಿಯುವುದಿಲ್ಲ. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ನಡುವಿನ ಊರಿನಲ್ಲಿ 24 ಗಂಟೆಗಿಂತ ಹೆಚ್ಚು ತಂಗಿದರೆ ಅದನ್ನು 'ಸ್ಟಾಪ್‌ಓವರ್' ಎನ್ನುತ್ತಾರೆ. 'ಹಾಫ್ ಬೋರ್ಡ್' ಎಂದರೆ ಬೆಳಗಿನ ಉಪಾಹಾರದ ಜೊತೆ ಇನ್ನೊಂದು ಊಟ, ಸಾಮಾನ್ಯವಾಗಿ ರಾತ್ರಿಯದು. 'ಫುಲ್ ಬೋರ್ಡ್' ಎಂದರೆ ಮೂರೂ ಹೊತ್ತು. 'ಕಾಂಪ್ಲಿಮೆಂಟರಿ' ಎಂಬುದಕ್ಕೆ ಇಲ್ಲಿ ಉಚಿತ ಎಂದು ಅರ್ಥ. 'ಲಗೇಜ್', 'ಇನ್ಫರ್ಮೇಷನ್' ಇವುಗಳಿಗೆ ಬಹುವಚನದ 'ಸ್' ಸೇರುವುದಿಲ್ಲ. ಬ್ರಿಟಿಷರ 'ಫಸ್ಟ್ ಫ್ಲೋರ್' ನೆಲಮಾಳಿಗೆಯಲ್ಲ, ನೆಲಮಹಡಿಯೂ ಅಲ್ಲ, ಅದರ ಮೇಲಿನದು. ಅಮೆರಿಕನ್ನರಿಗೆ ನೆಲಮಹಡಿಯೇ 'ಫಸ್ಟ್ ಫ್ಲೋರ್'. ಕೋಣೆಯ ದಾರಿ ಹೇಳುವಾಗ ಲಿಫ್ಟಿನ ಗುಂಡಿಯ ಸಂಖ್ಯೆಯನ್ನೇ ಹೇಳಿದರೆ ತೊಂದರೆಯಿಲ್ಲ.

ಪಠ್ಯಪುಸ್ತಕಕ್ಕಿಂತ ಒಳ್ಳೆಯ ಪುಸ್ತಕ

ಈ ಕಲಿಕೆಗೆ ಪುಕ್ಕಟೆಯಾಗಿ ಸಿಗುವ ಅತ್ಯುತ್ತಮ ಸಾಮಗ್ರಿ ಎಂದರೆ ಪ್ರವಾಸಿಗಳು ಹೋಟೆಲುಗಳ ಬಗ್ಗೆ ಅಂತರ್ಜಾಲದಲ್ಲಿ ಬರೆಯುವ ವಿಮರ್ಶೆಗಳು, ಅದರಲ್ಲೂ ಕಡಿಮೆ ಅಂಕ ಕೊಟ್ಟವು. ಸಿಟ್ಟಾದವರು ವಿವರವಾಗಿ ಬರೆಯುತ್ತಾರೆ. ಕೋಣೆಯ ಮುಗ್ಗುಲು ವಾಸನೆಗೆ 'ಮಸ್ಟಿ', ಕಟ್ಟಿಕೊಂಡ ಚರಂಡಿಗೆ 'ಬ್ಲಾಕ್ಡ್ ಡ್ರೇನ್', ತೊಟ್ಟಿಕ್ಕುವ ನಲ್ಲಿಗೆ 'ಡ್ರಿಪ್ಪಿಂಗ್ ಟ್ಯಾಪ್', ಕುಗ್ಗಿದ ಹಾಸಿಗೆಗೆ 'ಸ್ಯಾಗಿಂಗ್ ಮ್ಯಾಟ್ರೆಸ್', ಉಗುರುಬೆಚ್ಚಗಿನ ನೀರಿಗೆ 'ಲೂಕ್‌ವಾರ್ಮ್' ಎನ್ನುತ್ತಾರೆಂದು ನನಗೆ ತಿಳಿದದ್ದು ಅಲ್ಲಿಂದಲೇ, ಯಾವ ತರಗತಿಯಲ್ಲೂ ಅಲ್ಲ. ದಿನಕ್ಕೆ ಒಂದು ವಿಮರ್ಶೆಯನ್ನು ಆರಿಸಿಕೊಂಡು ಮೊದಲು ಗಟ್ಟಿಯಾಗಿ ಓದಿ. ಅದನ್ನು ಬರೆದವರು ಈಗ ನಿಮ್ಮೆದುರು ನಿಂತು ಹೇಳುತ್ತಿದ್ದಾರೆಂದು ಭಾವಿಸಿ ಬಾಯಲ್ಲೇ ಉತ್ತರ ಕೊಡಿ. ಕೊನೆಗೆ ಐದು ಸಾಲಿನ ಲಿಖಿತ ಉತ್ತರ ಬರೆಯಿರಿ.

ಉತ್ತರದಲ್ಲಿ ಒಂದು ಕ್ರಮವಿರಲಿ. ಮೊದಲು ದೂರನ್ನು ಅವರದೇ ಪದದಲ್ಲಿ ತಿರುಗಿ ಹೇಳಬೇಕು, ಏಕೆಂದರೆ ತನ್ನ ಮಾತು ತಲುಪಿತೆಂದು ತಿಳಿದ ಕೂಡಲೇ ಅರ್ಧ ಸಿಟ್ಟು ಇಳಿಯುತ್ತದೆ: 'ಸೋ ದೇರ್ ಈಸ್ ನೋ ಹಾಟ್ ವಾಟರ್ ಇನ್ ದ ಶವರ್. ಐಯಾಮ್ ವೆರಿ ಸಾರಿ ಅಬೌಟ್ ದಟ್.' ಆಮೇಲೆ ಏನು ಮಾಡುತ್ತೀರಿ, ಎಷ್ಟು ಹೊತ್ತಿನಲ್ಲಿ ಮಾಡುತ್ತೀರಿ ಎಂಬುದು ಬರಬೇಕು: 'ಐ ವಿಲ್ ಸೆಂಡ್ ಸಮ್‌ಒನ್ ವಿದಿನ್ ಟೆನ್ ಮಿನಿಟ್ಸ್.' ಇಲ್ಲಿ 'ಟ್ರೈ' ಎಂಬ ಪದವನ್ನು ತರಬೇಡಿ. 'ಐ ವಿಲ್ ಟ್ರೈ' ಎಂದರೆ ಆಗುವುದಿಲ್ಲ ಎಂದೇ ಹೆಚ್ಚಿನವರು ತಿಳಿಯುತ್ತಾರೆ. 'ಪ್ಲೀಸ್ ಅಡ್ಜಸ್ಟ್' ಎನ್ನುವುದಂತೂ ಬೆಂಕಿಗೆ ತುಪ್ಪ.

ಗೈಡ್ ಆಗುವವರಿಗೆ

ಬರೆದು ಬಾಯಿಪಾಠ ಮಾಡಿದ ಭಾಷಣವನ್ನು ಯಾರಾದರೂ ನಡುವೆ ತಡೆದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅದರ ಬದಲು ಪ್ರತಿ ನಿಲುಗಡೆಗೂ ಒಂದು ಚೀಟಿ ಮಾಡಿ, ಅದರಲ್ಲಿ ಐದಾರು ಪದಗಳನ್ನಷ್ಟೇ ಬರೆದುಕೊಂಡು, ಅವುಗಳ ಸುತ್ತ ಪ್ರತಿ ಸಲವೂ ವಾಕ್ಯ ಕಟ್ಟುವ ಅಭ್ಯಾಸ ಮಾಡಿ. ಇಸವಿ ಹೇಳುವುದನ್ನು ಪ್ರತ್ಯೇಕವಾಗಿ ರೂಢಿಸಬೇಕು: 1905 'ನೈಂಟೀನ್ ಓ ಫೈವ್', 1656 'ಸಿಕ್ಸ್‌ಟೀನ್ ಫಿಫ್ಟಿ ಸಿಕ್ಸ್'. 16ನೆಯ ಶತಮಾನವೆಂದರೆ 1500ರ ದಶಕಗಳು ಎಂಬುದನ್ನು ಮರೆತು ಒಂದು ನೂರು ವರ್ಷ ಆಚೀಚೆ ಹೇಳುವವರನ್ನು ನೋಡಿದ್ದೇನೆ. 'ವಾಸ್ ಬಿಲ್ಟ್', 'ವಾಸ್ ರಿಸ್ಟೋರ್ಡ್', 'ಈಸ್ ಮೇಡ್ ಆಫ್' ಎಂಬಂಥ ಕರ್ಮಣಿ ಪ್ರಯೋಗಗಳು ಗೈಡಿನ ಮಾತಿನ ಬೆನ್ನೆಲುಬು. ಕನ್ನಡದಲ್ಲಿ ಅವು ಕೃತಕವಾಗಿ ಕೇಳುತ್ತವೆ, ಇಂಗ್ಲಿಷಿನಲ್ಲಿ ಸಹಜ. ಎತ್ತರ, ದೂರಗಳನ್ನು ಮೀಟರಿನಲ್ಲೂ ಅಡಿಯಲ್ಲೂ ಹೇಳಲು ಸಿದ್ಧರಿರಬೇಕು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ಕಥೆ ಕಟ್ಟದೆ, 'ಲೆಟ್ ಮಿ ಚೆಕ್ ಅಂಡ್ ಟೆಲ್ ಯು ಬಿಫೋರ್ ವಿ ಫಿನಿಶ್' ಎಂದು ಹೇಳಿ, ಹೇಳಿದಂತೆ ಮಾಡಬೇಕು.

ಅಭ್ಯಾಸದ ಕ್ರಮ

ದಿನಕ್ಕೆ ಮುಕ್ಕಾಲು ಗಂಟೆ ಸಿಕ್ಕರೆ ಸಾಕು; ವಾರಕ್ಕೊಮ್ಮೆ ಐದು ಗಂಟೆ ಕೂರುವುದರಿಂದ ಇದು ಬರುವುದಿಲ್ಲ. ಮೊದಲ ಹದಿನೈದು ನಿಮಿಷ ಬೇರೆ ಬೇರೆ ದೇಶದವರ ಇಂಗ್ಲಿಷನ್ನು ಕೇಳಿ, ಒಂದೇ ದೇಶದ ವಾರ್ತೆಗೆ ಅಂಟಿಕೊಳ್ಳಬೇಡಿ. ಮುಂದಿನ ಹದಿನೈದು ನಿಮಿಷ ನೋಟ್‌ಬುಕ್ಕಿನ ಒಂದು ಸನ್ನಿವೇಶವನ್ನು ಗಟ್ಟಿಯಾಗಿ ಆಡಿ, ಫೋನಿನಲ್ಲಿ ದನಿಮುದ್ರಿಸಿಕೊಳ್ಳಿ. ಉಳಿದ ಹೊತ್ತಿನಲ್ಲಿ ಒಂದು ವಿಮರ್ಶೆಗೋ ಇಮೇಲಿಗೋ ಉತ್ತರ ಬರೆಯಿರಿ. ಇಮೇಲಿನಲ್ಲಿ ನೆನಪಿಡಬೇಕಾದದ್ದು ಕಡಿಮೆ: ವಿಷಯದ ಸಾಲಿನಲ್ಲಿ ಹೆಸರು ಮತ್ತು ತಾರೀಖು ಇರಲಿ, ಕೇಳಿದ ಪ್ರಶ್ನೆಗೆ ಉತ್ತರ ಮೊದಲ ವಾಕ್ಯದಲ್ಲೇ ಇರಲಿ.

ಪ್ರಮಾಣಪತ್ರ ಬೇಕೆನ್ನುವವರಿಗೆ, ಐಇಎಲ್‌ಟಿಎಸ್ ಹೆಚ್ಚಾಗಿ ವಿದೇಶದ ಓದು ಮತ್ತು ವಲಸೆಗೆ ಒದಗುವ ಪರೀಕ್ಷೆ; ಕೆಲಸದ ಸ್ಥಳದ ಇಂಗ್ಲಿಷನ್ನು ಅಳೆಯುವುದು ಟೋಯಿಕ್. ಅದರ ಕೇಳುವ ಮತ್ತು ಓದುವ ಪರೀಕ್ಷೆಯಲ್ಲಿ ಎರಡು ಗಂಟೆಗಳಲ್ಲಿ 200 ಪ್ರಶ್ನೆಗಳು, ಅಂಕ 10ರಿಂದ 990ರವರೆಗೆ. ನೇಮಕ ಮಾಡಿಕೊಳ್ಳುವವರು ಕೇಳಿದರೆ ಮಾತ್ರ ಇವುಗಳಿಗೆ ಹಣ ಖರ್ಚು ಮಾಡಿ.

ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆಯಿದೆ, ನಾನು ಹೊಸಬರಿಗೆ ಕೊಡುವುದು ಇದನ್ನೇ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು, ಮುಖ ಕಾಣಬಾರದು. ಒಬ್ಬರ ಕೈಯಲ್ಲಿ ಒಂದು ಚೀಟಿ: ಅಪರಿಚಿತವಾದ ಉದ್ದನೆಯ ವಿದೇಶಿ ಹೆಸರು, ಬರುವ ಮತ್ತು ಹೋಗುವ ತಾರೀಖು, ಕೋಣೆಯ ಬಗೆ, ವಿಮಾನದ ಸಂಖ್ಯೆ, ಒಂದು ವಿಶೇಷ ಬೇಡಿಕೆ. ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ಹಾಳೆಯವರು ಕೇಳುತ್ತ, ತಿರುಗಿ ಹೇಳುತ್ತ, ಬರೆದುಕೊಳ್ಳಬೇಕು. ಚೀಟಿಯವರು ಕೇಳದ ವಿವರವನ್ನು ತಾವಾಗಿ ಹೇಳಬಾರದು, ಒಂದು ಕಡೆಯಾದರೂ ಬೇಕೆಂದೇ ಅಸ್ಪಷ್ಟವಾಗಿ ಮಾತಾಡಬೇಕು. ಕೊನೆಯಲ್ಲಿ ಚೀಟಿಯನ್ನೂ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಅಕ್ಷರ ವ್ಯತ್ಯಾಸವಾದರೂ ಹೊಸ ಚೀಟಿಯೊಂದಿಗೆ ಮತ್ತೊಮ್ಮೆ. ಹತ್ತು ಚೀಟಿಗಳು ಸಾಲಾಗಿ ತಾಳೆಯಾದ ದಿನ ಕೆಲಸಕ್ಕೆ ಅರ್ಜಿ ಹಾಕಬಹುದು.